ಹನ್ನೆರಡನೆಯ ಫೋನು

ಡ್ರೈವರ್ ಮಾವನ ಬಲಗೈ ಮೊಣಕೈಯಿಂದ ಕೆಳಗೆ ಹಳೆಯ ಹಂಚಿನಂತೆ ಕಪ್ಪು; ಎಡಗೈ ಗೋಧಿ ಬಣ್ಣ. ಮೂವತ್ತೊಂದು ವರ್ಷ ಆ ಬಲಗೈ ಲಾರಿಯ ಕಿಟಕಿಯ ಮೇಲೆ ಬಿಸಿಲು ತಿಂದಿತ್ತು. ಅವರು ನನಗೆ ನೆಂಟರಲ್ಲ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಬೀದಿಗೆಲ್ಲ ಮಾವ. ಮಂಡಿ ನೋವಿಗೆ ಸ್ಟೇರಿಂಗ್ ಬಿಟ್ಟ ಮೇಲೂ ದಿನಾ ಎಂಟಕ್ಕೆ ಲಾರಿ ಸ್ಟ್ಯಾಂಡಿಗೆ ಹೋಗಿ, ಯಾರದೋ ಗಾಡಿಯ ಚಕ್ರಕ್ಕೆ ಒದ್ದು, ಗಾಳಿ ಕಮ್ಮಿ ಎಂದು ಬೈದು ಬಂದರೇ ಅವರಿಗೆ ತಿಂಡಿ ಇಳಿಯುತ್ತಿದ್ದುದು.

ಎರಡು ವರ್ಷ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬಿಲ್ಲು ಬರೆದ ನಾನು, ಕೆಲಸ ಬಿಟ್ಟು ನಮ್ಮ ಜಗಲಿಯಲ್ಲೇ ಸ್ವಂತವಾಗಿ ಕೂತೆ. ಒಂದು ಫೋನು, ಒಂದು ಉದ್ದನೆಯ ಪುಸ್ತಕ. ಮಾಲು ಇದ್ದವರಿಗೆ ಲಾರಿ, ಖಾಲಿ ನಿಂತ ಲಾರಿಗೆ ಮಾಲು ಹುಡುಕಿಕೊಡುವುದು ಕೆಲಸ. ಹುಡುಗಿ ಲಾರಿ ಕಳಿಸುತ್ತಾಳಂತೆ ಎಂದು ನಕ್ಕವರೇ ಹೆಚ್ಚು. ಮಾವ ಮಾತ್ರ, "ಫೋನಲ್ಲಿ ಮಾತಾಡೋರು ಗಂಡ್ಸೋ ಎಂಗ್ಸೋ ಅಂತ ಲಾರಿಗೇನ್ ಗೊತ್ತಾಯ್ತದಾ? ಮಾಡು ಕಣವ್ವ" ಎಂದರು.

ಲಾರಿಯ ಉದ್ದ, ಡ್ರೈವರನ ಊರು, ಖಾಲಿ ಓಡಿದ ಕಿಲೋಮೀಟರು, ಎಲ್ಲ ಬರೆದಿಡುತ್ತಿದ್ದೆ. ಖಾಲಿ ಓಟ ಕಮ್ಮಿಯಾದಷ್ಟೂ ನನಗೆ ಹೆಮ್ಮೆ.

ಹತ್ತೊಂಬತ್ತನೆಯ ದಿನ ಮೊದಲ ದೊಡ್ಡ ಕೆಲಸ ಬಂತು. ಬೆಟ್ಟದಪುರದ ನಾಲ್ಕು ಮನೆಯವರ ಹೊಗೆಸೊಪ್ಪಿನ ಬೇಲುಗಳನ್ನು, ಅಂದರೆ ಬಿಗಿದು ಕಟ್ಟಿದ ಹೊರೆಗಳನ್ನು, ಸಂಜೆಯೊಳಗೆ ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗೆ ಮುಟ್ಟಿಸಬೇಕು. ಮರುದಿನ ಅವರ ಸರದಿ. ಸರಗೂರಿನ ಶುಂಠಿ ತಂದ ಲಾರಿಯೊಂದು ಹುಣಸೂರಿನಲ್ಲಿ ಇಳಿಸಿ ಖಾಲಿ ನಿಂತಿತ್ತು. ಅದನ್ನೇ ಗೊತ್ತು ಮಾಡಿ ಪುಸ್ತಕ ತೋರಿಸಿದೆ. ಮಾವ ಪುಸ್ತಕ ನೋಡಲಿಲ್ಲ. ನನ್ನನ್ನು ಸ್ಟ್ಯಾಂಡಿಗೆ ಕರೆದೊಯ್ದು, ನೋಯುವ ಮಂಡಿಯಲ್ಲೇ ಲಾರಿ ಹತ್ತಿ, ತಳದ ಹಲಗೆಗೆ ಅಂಗೈ ಒತ್ತಿ ನನ್ನ ಮುಂದೆ ಹಿಡಿದರು. ಅಂಗೈ ತುಂಬ ಒದ್ದೆ ಮಣ್ಣು.

"ಶುಂಠಿ ತೊಳ್ದು ತುಂಬವ್ರೆ ಕಣವ್ವ. ಇದ್ರ ಮ್ಯಾಲೆ ಸೊಪ್ಪು ಏರುದ್ರೆ ಬೆಳಿಗ್ಗೆಗೆ ಅಡಿ ಬೇಲೆಲ್ಲ ಮುಗ್ಗು."

"ಟಾರ್ಪಾಲ್ ಹಾಸಿದ್ರೆ ಮಾವ?"

"ನಿನ್ ರೇಷ್ಮೆ ಸೀರೇನ ಅಂಗೆ ಮಡಗ್ತೀಯಾ?"

"ನೀವೇ ಯಾರಿಗಾದ್ರೂ ಹೇಳಿ. ನಿಮ್ಮ ಮಾತು ಎಲ್ಲ ಕೇಳ್ತಾರೆ."

"ನಾನ್ ಹೇಳುದ್ರೆ ಬತ್ತಾರೆ. ಆಮೇಲೂ ಅವ್ರು ನನ್ ಡ್ರೈವರ್‌ಗಳೇ, ನಿನ್ನೋರಾಗಲ್ಲ. ಮೊದ್ಲು ಸೊಪ್ಪಿನೋರಿಗೆ ನಿಜ ಹೇಳು."

ಫೋನಿನಲ್ಲಿ ನಿಜ ಹೇಳಿದಾಗ ಬೆಟ್ಟದಪುರದ ರೈತರೊಬ್ಬರು ಕೂಗಾಡಿದರು. "ಬೇಲ್ ಕಟ್ಟಿ ಬಾಗ್ಲಲ್ಲಿ ಮಡಗಿವ್ನಿ ಮೇಡಂ! ಮೂರ್ ಗಂಟೆವರ್ಗೂ ನೋಡ್ತೀನಿ. ಆಮೇಲೆ ನಿಮ್ ಸವಾಸವೇ ಬ್ಯಾಡ."

ಆಗ ಹನ್ನೆರಡೂಕಾಲು. ಪುಸ್ತಕ ತೆರೆದು ಒಬ್ಬೊಬ್ಬ ಡ್ರೈವರಿಗೂ ಫೋನು ಮಾಡಿದೆ. ಒಬ್ಬ ಕೇರಳದಲ್ಲಿದ್ದ. ಒಬ್ಬನ ಗಾಡಿ ಎಚ್.ಡಿ. ಕೋಟೆಯ ಗ್ಯಾರೇಜಿನಲ್ಲಿತ್ತು. ಇನ್ನೊಬ್ಬ, "ಮನೇಲಿ ಅಪ್ಪನೋ ಅಣ್ಣನೋ ಇದ್ರೆ ಕೊಡವ್ವ" ಎಂದ. ಏಳನೆಯವನೂ ಇಲ್ಲವೆಂದಾಗ ಫೋನನ್ನು ಮಾವನ ಮುಂದೆ ಚಾಚಿದೆ. ಅವರು ಕೈಕಟ್ಟಿಕೊಂಡು, "ಎಂಟ್ನೆಯವ್ನು ಯಾರು?" ಎಂದರು.

ಹನ್ನೆರಡನೆಯವನು ಕೆ.ಆರ್. ನಗರದಿಂದ ಬಂದು ಪಿರಿಯಾಪಟ್ಟಣದಲ್ಲಿ ಮಾಲು ಇಳಿಸಿ ನಿಂತಿದ್ದ.

"ಏನು ತಂದಿದ್ರಿ?"

"ಅಕ್ಕಿ ಮೂಟೆ."

"ತಳ ಒಣಗಿದ್ಯಾ? ಕೈಯಿಟ್ಟು ನೋಡಿ ಹೇಳಿ."

ಹಲಗೆಗೆ ಕೈ ಬಡಿದ ಸದ್ದು ಕೇಳಿಸಿತು. "ಇದ್ನೂ ಕೇಳೋರ್ ಅವ್ರೆ ಅಂತಾಯ್ತು! ಒಣಗ್ಯದೆ ಕಣಕ್ಕ. ಎಲ್ಲಿಗ್ ಬರ್ಲಿ?"

ಮೂರಕ್ಕೆ ಹತ್ತು ನಿಮಿಷ ಇರುವಾಗ ಲಾರಿ ಬೆಟ್ಟದಪುರದಲ್ಲಿತ್ತು. ಆ ಸಂಜೆ ಪುಸ್ತಕದಲ್ಲಿ 'ಹಿಂದಿನ ಮಾಲು' ಎಂದು ಹೊಸ ಕಾಲಂ ಎಳೆದೆ. ಮಾವ ಭೇಷ್ ಅನ್ನಲಿಲ್ಲ. "ಗೆರೆ ಸೊಟ್ಟ ಅದೆ" ಎಂದರು.

ಕಳೆದ ಮಳೆಗಾಲದಲ್ಲಿ, ಸ್ಟ್ಯಾಂಡಿನಿಂದ ಬಂದು ತಿಂಡಿಗೆ ಕೂತ ಮಾವ ಮತ್ತೆ ಮೇಲೇಳಲಿಲ್ಲ. ಮಣ್ಣು ಮಾಡಲು ಬಂದವರಲ್ಲಿ ನಾನು ದನಿಯಿಂದಷ್ಟೇ ಬಲ್ಲವರು ಎಷ್ಟೋ ಜನ. ಅವರಲ್ಲೊಬ್ಬರು ಹತ್ತಿರ ಬಂದು ಟವೆಲಿನಿಂದ ಮುಖ ಒರೆಸಿಕೊಂಡರು.

"ಅವತ್ತು ಇಲ್ಲ ಅಂದ ಹನ್ನೊಂದ್ ಜನದಲ್ಲಿ ನಾನೂ ಒಬ್ಬ ಮೇಡಂ. 'ಹನ್ನೊಂದ್ ಸಲ ಇಲ್ಲ ಅನ್ನುಸ್ಕೊಂಡ್ರೂ ನಮ್ ಹುಡ್ಗಿ ಫೋನ್ ಕೆಳಕ್ ಮಡಗ್ನಿಲ್ಲ ಕಣ್ಲಾ' ಅಂತ ಡ್ರೈವರಣ್ಣ ಸಿಕ್ಕಿದೋರ್‌ಗೆಲ್ಲ ಹೇಳೋರು. ನಮ್ಗೆ ಕೇಳಿ ಕೇಳಿ ಸಾಕಾಗೋಗಿತ್ತು."

ಆ ಹನ್ನೊಂದರಲ್ಲಿ ಏಳು ಜನ ಈಗ ನನ್ನ ಒಂದು ಫೋನಿಗೆ ಬರುತ್ತಾರೆ. ಅವರು ನನ್ನ ಡ್ರೈವರುಗಳು. ಹಾಗಾಗಲೆಂದೇ ಮಾವ ಅವತ್ತು ಕೈಕಟ್ಟಿ ನಿಂತಿದ್ದರು.