ತಂಗಿಯ ಮೊದಲ ಓಟು

ಬ್ರಿಡ್ಜ್‌ವಾಟರ್. ಅಮೆರಿಕದ ಪ್ರಜೆಯಾದ ಮೇಲೆ ತಂಗಿಗೆ ಇದು ಮೊದಲ ಓಟು. ಅಂಚೆಯಲ್ಲಿ ಬರಬೇಕಿದ್ದ ಮತಪತ್ರ ಬರಲಿಲ್ಲವೆಂದು ಶಾಲೆಯ ಮತಗಟ್ಟೆಗೇ ಬಂದೆವು. ಮೇಜಿನ ಹಿಂದಿದ್ದ ಮುದುಕಿ ಅಡ್ಡಡ್ಡ ತಲೆಯಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ತಂಗಿ ನನ್ನತ್ತ ತಿರುಗಿದಳು.

“ಮನೆಗೆ ಕಳಿಸಿಯಾಗಿದೆಯಂತೆ ಅಕ್ಕಾ. ಇನ್ನು ಮೆಷಿನ್ ಮುಟ್ಟೋ ಹಾಗಿಲ್ಲ. ಬೇರೆ ಕಾಗದದಲ್ಲಿ ಹಾಕಬೇಕು, ಆಮೇಲೆ ವೆರಿಫೈ ಮಾಡ್ತಾರಂತೆ. ಒಂದೊಂದು ಸ್ಟೇಟಿಗೆ ಒಂದೊಂದು ರೂಲು.”

ಚುನಾವಣೆಯ ಅಭ್ಯರ್ಥಿಗಳೂ ಅವರ ಬೆಂಬಲದ ಸಂಘಗಳವರೂ ಒಬ್ಬರನ್ನೊಬ್ಬರು ಬೈದು ದಿನವೂ ಅಂಚೆಯಲ್ಲಿ ಕಳಿಸುತ್ತಿದ್ದ ಹೊಳಪು ಕಾಗದಗಳನ್ನು ಮನೆಯಲ್ಲಿ ಹರಡಿಕೊಂಡು ನಾನು ಸೊಪ್ಪು ಬಿಡಿಸುತ್ತಿದ್ದೆ. ಒಂದು ದಿನ, ಒಡೆಯದ ಒಂದು ದಪ್ಪ ಲಕೋಟೆಯನ್ನೂ ಅವುಗಳ ಜೊತೆ ಕಸಕ್ಕೆ ಹಾಕಿದ್ದೆ. ನಾಲ್ಕನೇ ಕ್ಲಾಸು ಓದಿದವಳಿಗೆ ಇಂಗ್ಲಿಷ್ ಬಾರದು, ಸರಿ. ಕೇಳಲು ಬಾಯಿತ್ತು.

“ಪೋಸ್ಟಿನವರದೇ ತಪ್ಪು,” ಎಂದಳು ತಂಗಿ. ನಾನು ಹೌದೆಂದೆ.

ಆ ಬೇರೆ ಕಾಗದದಲ್ಲಿ ಓಟು ಹಾಕಿ ಬಂದು, ಓಟು ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನು ಅವಳು ನನ್ನ ಸ್ವೆಟರಿಗೆ ಅಂಟಿಸಿದಳು.

“ನನ್ನದು ಎಣಿಸ್ತಾರೋ ಇಲ್ವೋ. ನೀನೇ ಹಾಕ್ಕೋ.”