ಗೋಲಿ ಲೆಕ್ಕ

ಈ ಬೆಳಿಗ್ಗೆ ಟೈರ್ ಬದಲಿಸಲು ಸೈಕಲ್ ಅಂಗಡಿಗೆ ಹೋಗಿದ್ದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ನೆನಪಿಗೆ ಬಂತು. ಐಸ್ ಹಾಕಿ ಆಟದ ಅಂಗಳದ ಸುತ್ತ ಹಾಸಿದ್ದ ರಬ್ಬರಿಗೂ ಇದೇ ವಾಸನೆ.

ಆಗ ಇಲ್ಲೇ ನೆದರ್‌ಲೆಂಡ್ಸಿನ ಬೆಸ್ಟ್ ಎಂಬ ಊರಿನಲ್ಲಿ ಗೆಳತಿ ಸುಮಾಳೊಂದಿಗೆ ಕೋಣೆ ಹಂಚಿಕೊಂಡು ಸಂಶೋಧನೆ ಮಾಡುತ್ತಿದ್ದೆ. ಪ್ರಬಂಧಕ್ಕಿಂತ ಡೈರಿಯೇ ದಪ್ಪವಾಗಿತ್ತು. ಎಷ್ಟು ದಿನ ಮಳೆ, ಎಷ್ಟು ರೈಲು ತಡ, ಎಷ್ಟು ಸಲ ಸೈಕಲ್‌ನಿಂದ ಬಿದ್ದೆ, ಎಲ್ಲಕ್ಕೂ ಗೀಟು ಹಾಕುತ್ತಿದ್ದೆ. ನಗಬೇಡಿ, ಆ ಗೀಟುಗಳಿಗೂ ಒಂದು ದಿನ ಬೆಲೆ ಬಂತು.

ಹತ್ತಿರದಲ್ಲೇ ಒಂದು ವೃತ್ತಿಪರ ಐಸ್ ಹಾಕಿ ತಂಡ ಆಡುತ್ತಿತ್ತು. ಅದರ ಆಟಗಳಿಗೆ ತಪ್ಪದೆ ಹೋಗಿ ಅಲ್ಲೂ ಲೆಕ್ಕ ಇಡುತ್ತಿದ್ದೆ. ಸೀಸನ್ ಮುಗಿದೊಡನೆ ತಂಡ ದೊಡ್ಡ ಊರಿಗೆ ಹೋಗುತ್ತದೆ ಎಂದು ತಿಳಿದಾಗ, ಹೊಡೆತಗಳನ್ನು ಎಣಿಸುತ್ತಿದ್ದ ಕ್ಲಬ್ಬಿನವನು ಸಿಟ್ಟಾಗಿ ಬಿಟ್ಟುಹೋದ. ಎಣಿಸಲು ಉಳಿದವಳು ನಾನೊಬ್ಬಳೇ. ಗೋಲು ಕಾಯುವವನನ್ನು ಅಲ್ಲಿ ಗೋಲಿ ಎನ್ನುತ್ತಿದ್ದರು. ನಮ್ಮ ಗೋಲಿ ಹೆಂಕ್ ಒಂದೊಂದು ಹೊಡೆತ ತಡೆದಾಗಲೂ ಕೋಟಿನ ಜೇಬಿನೊಳಗೆ ನನ್ನ ಹೆಬ್ಬೆರಳು ಒಂದು ಗೆಣ್ಣು ಮುಂದೆ ಸರಿಯುತ್ತಿತ್ತು, ಅಜ್ಜಿ ಜಪ ಎಣಿಸುತ್ತಿದ್ದ ಹಾಗೆ. ಬರೆದುಕೊಳ್ಳುವುದು ವಿರಾಮದಲ್ಲಿ. ಗೋಲಿ ಲೆಕ್ಕ ಇಡುತ್ತಿದ್ದೇನೆ ಎಂದು ಮನೆಗೆ ಬರೆದರೆ ಅಮ್ಮನ ಉತ್ತರ ಬಂತು: "ಅಷ್ಟು ದೂರ ಹೋಗಿ ಗೋಲಿ ಆಡ್ತಿದೀಯಾ? ಓದೋದು ಯಾವಾಗ?"

ಒಂದು ಆಟಕ್ಕೆ ಮಾತ್ರ ಲೆಕ್ಕ ತಪ್ಪಿತು. ಡಚ್ಚರ 'ಅರ್ಧ ಎಂಟು' ಎಂದರೆ ನಮ್ಮ ಏಳೂವರೆ. ನಾನು ಎಂಟೂವರೆ ಎಂದುಕೊಂಡು ಹಾಯಾಗಿ ಅನ್ನ ಸಾರು ಉಂಡು ಹೋದೆ. ಮೊದಲ ಭಾಗ ಮುಗಿದೇ ಹೋಗಿತ್ತು. ಪುಟದ ಆ ಜಾಗ ಖಾಲಿ ಬಿಟ್ಟೆ.

"ಹತ್ತೋ ಹನ್ನೆರಡೋ ಹಾಕ್ಬಿಡೇ, ಯಾರು ಕೇಳ್ತಾರೆ?" ಎಂದಳು ಸುಮಾ.

"ನಾನೇ ಕೇಳ್ತೀನಲ್ಲ."

ಹೊಸ ಊರಿನವರ ಬಳಿ ಆಗಲೇ ಒಬ್ಬ ಎಳೆಯ ಗೋಲಿ ಇದ್ದ. ಹೆಂಕ್ ಬೇಕೋ ಬೇಡವೋ ಎಂದು ಅವರು ಯೋಚಿಸುತ್ತಿದ್ದರು. ಸೋಲುವ ತಂಡದ ಗೋಲಿಯ ಪಾಡು ನಿಮಗೇ ಗೊತ್ತು: ಒಳಗೆ ಹೋದ ಗೋಲುಗಳು ಎಲ್ಲರಿಗೂ ನೆನಪಿರುತ್ತವೆ, ತಡೆದವು ಯಾರಿಗೂ ಇಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಹಿರಿಯ ಹೆಂಗಸು ಆನ್ಸ್ ಅವನಿಗೆ ನನ್ನ ಡೈರಿಯ ಸುದ್ದಿ ಹೇಳಿದರು. ಹೆಂಕ್ ಬೆವರು ಸುರಿಸುತ್ತಲೇ ನಮ್ಮ ಸಾಲಿಗೆ ಬಂದು ಪುಟ ಮಗುಚಿದ. ಖಾಲಿ ಜಾಗದ ಬಳಿ ನಿಂತ. ಎಂಟೂವರೆಯ ಕಥೆಯನ್ನು ತಡವರಿಸುತ್ತ ಹೇಳಿದೆ. ಅವನು ನಗಲಿಲ್ಲ.

"ಅವರಿಗೆ ಮೊದಲು ಇದೇ ಪುಟ ತೋರಿಸ್ತೀನಿ, ಆಗ ಉಳಿದದ್ದನ್ನು ನಂಬ್ತಾರೆ" ಎಂದ.

ಅವನಿಗೆ ಜಾಗ ಸಿಕ್ಕಿತು. ಕೊನೆಯ ಆಟವನ್ನೂ ಸೋತೆವು. ಆದರೂ ಅವನು ಅಂಗಳ ಬಿಡುವವರೆಗೆ ಇಡೀ ಹಾಲ್ ಎದ್ದು ನಿಂತಿತ್ತು. ಅವನು ತಡೆದದ್ದೆಷ್ಟು ಎಂದು ಅಲ್ಲಿ ಬಲ್ಲವಳು ನಾನೊಬ್ಬಳೇ, ಆ ಹೆಮ್ಮೆ ಕೋಟಿನೊಳಗೆ ಹಿಡಿಸದಷ್ಟಿತ್ತು. ಆನ್ಸ್ ಚಪ್ಪಾಳೆ ತಟ್ಟುತ್ತಲೇ ಅಂದರು: "ನಮ್ಮ ಗೋಲೀನ ನೀನೇ ಅವರಿಗೆ ಕೊಟ್ಟುಬಿಟ್ಟೆ." ಆ ಊರಿಗೆ ಕಾಲಿಡುವುದಿಲ್ಲ ಎಂದು ಅವರು ಅಂದೇ ಶಪಥ ಮಾಡಿದರು. ಅವರ ಮುಖ ನೋಡಿ ನಾನೂ ಇಷ್ಟು ವರ್ಷ ಹೋಗಲಿಲ್ಲ.

ಹೆಂಕ್ ಇನ್ನೂ ಅಲ್ಲೇ, ಈಗ ಹಳಬರ ತಂಡದಲ್ಲಿ ಆಡುತ್ತಿದ್ದಾನೆ. ಅಂಗಡಿಯಿಂದ ಬಂದವಳೇ ಆನ್ಸ್‌ಗೆ ಫೋನ್ ಮಾಡಿ, ಶನಿವಾರ ಅವನ ಆಟಕ್ಕೆ ಹೋಗೋಣವೇ ಎಂದು ಕೇಳಿದೆ. ಅವರು ಮೊದಲು ಆ ಹಳೆಯ ಶಪಥ ನೆನಪಿಸಿದರು.

"ಅವನ ಗೋಲಿನ ಹಿಂದಿನ ಸಾಲೇ ಸಿಗಬೇಕು" ಎಂದರು ಕೊನೆಗೆ. "ಎಲ್ಲೋ ಮೂಲೇಲಿ ಕೂರೋದಾದ್ರೆ ನಾನು ಬರಲ್ಲ."