ಸುಚಿತ್ರಾ ಬೇಡವೆಂದಿದ್ದ ಫೋಟೋ

ನ್ಯಾಮತಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಂಧ್ಯಾರಾಣಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮದುಮಗಳ ಅಲಂಕಾರಕ್ಕೆ ಹೊನ್ನಾಳಿ ಕಡೆಯವರೂ ಅವಳನ್ನೇ ಕರೆಯುತ್ತಾರೆ. ಅಂಗಡಿಯ ಬೋರ್ಡಿಗಿಂತ ಹೆಚ್ಚು ಗಿರಾಕಿ ತಂದದ್ದು ಫೇಸ್‌ಬುಕ್ಕಿನಲ್ಲಿ ಅವಳು ಹಾಕುತ್ತಿದ್ದ ಫೋಟೋಗಳು.

ಅವಳ ಬಳಿ ಸುಚಿತ್ರಾ ಕೆಲಸಕ್ಕಿದ್ದಳು. ಬಿಳಿಚೋಡಿನ ಹೆಣ್ಣುಮಗಳು. ಗಂಡ ನಾಗರಾಜನ ಹೊಡೆತ ತಾಳಲಾರದೆ ಮಗಳನ್ನು ಎತ್ತಿಕೊಂಡು ಬಂದು, ಊರವರಿಗೆ ಸುಳಿವು ಕೊಡದೆ ಇಲ್ಲಿ ಬದುಕುತ್ತಿದ್ದಳು. ಜಡೆಗೆ ಹೂ ಹೆಣೆಯುವುದರಲ್ಲಿ ಅವಳದು ಒಳ್ಳೆಯ ಕೈ. ಕೆಲಸಕ್ಕೆ ಸೇರಿದ ದಿನವೇ ಒಂದು ಮಾತು ಕೇಳಿಕೊಂಡಿದ್ದಳು.

"ಅಕ್ಕಾ, ನನ್ನ ಫೋಟೋ ಮಾತ್ರ ಎಲ್ಲೂ ಹಾಕಬ್ಯಾಡ್ರಿ."

ಸಂಧ್ಯಾರಾಣಿ ಒಪ್ಪಿ, ಹಾಗೆಯೇ ನಡೆದುಕೊಂಡಿದ್ದಳು.

ಕಳೆದ ವರ್ಷ ಸುನಿತಾ ಎಂಬ ಮದುಮಗಳಿಗೆ ಇಬ್ಬರೂ ಸೇರಿ ಅಲಂಕಾರ ಮಾಡಿದರು. ಒಂದು ಫೋಟೋ ಬಹಳ ಚೆನ್ನಾಗಿ ಬಂತು. ಸುನಿತಾ ತಲೆ ತಗ್ಗಿಸಿ ನಗುತ್ತಿದ್ದಳು. ಕನ್ನಡಿಯಲ್ಲಿ, ಅವಳ ಜಡೆಗೆ ಹೂ ಸಿಗಿಸುತ್ತಿದ್ದ ಸುಚಿತ್ರಾಳ ಮುಖವೂ ಕಾಣುತ್ತಿತ್ತು. ಸಂಧ್ಯಾರಾಣಿ ಅದನ್ನು ನೋಡದೆ ಇರಲಿಲ್ಲ. ಕತ್ತರಿಸಿದರೆ ಜಡೆಯೂ ಹೋಗುತ್ತಿತ್ತು. ತನ್ನ ಪರಿಚಯದವರಿಗಷ್ಟೇ ಕಾಣುವಂತೆ ಇಟ್ಟರಾಯಿತು, ಅವರಲ್ಲಿ ಬಿಳಿಚೋಡಿನ ಕಡೆಯವರು ಯಾರಿದ್ದಾರೆ ಎಂದುಕೊಂಡಳು. ಸುನಿತಾಳ ಒಪ್ಪಿಗೆ ಕೇಳಿ, ಅವಳನ್ನು ಟ್ಯಾಗ್ ಮಾಡಿ ಹಾಕಿದಳು. ಸುಚಿತ್ರಾಳನ್ನು ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿತ್ತು.

ಟ್ಯಾಗ್ ಮಾಡಿದ ಮೇಲೆ ಫೋಟೋ ಸುನಿತಾಳ ಸ್ನೇಹಿತರಿಗೂ ಕಾಣುತ್ತದೆಂಬುದು ಅವಳಿಗೆ ಹೊಳೆದಿರಲಿಲ್ಲ. ಸುನಿತಾಳನ್ನು ಕೊಟ್ಟದ್ದು ಬಿಳಿಚೋಡಿಗೆ ಹತ್ತಿರದ ಜಗಳೂರಿಗೆ. ಅವಳ ಗಂಡನ ಮನೆ ಕಡೆಯವನೊಬ್ಬ ಅದನ್ನು ಇಳಿಸಿಕೊಂಡು ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಯಾರೋ, ನ್ಯಾಮತಿಯ ಪಾರ್ಲರಿನದೆಂದು ತಿಳಿಸಿ, ನಾಗರಾಜನಿಗೆ ಕಳಿಸಿದರು.

ಒಂದು ಬೆಳಿಗ್ಗೆ ನಾಗರಾಜ ಪಾರ್ಲರಿನ ಬಾಗಿಲಲ್ಲಿ ನಿಂತಿದ್ದ. ಕೂಗಾಡಲಿಲ್ಲ. "ಮಗಳನ್ನ ನೋಡಾಕೆ ಬಂದೀನಿ" ಎಂದ. ಸುಚಿತ್ರಾ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಸಂಧ್ಯಾರಾಣಿ ಅಕ್ಕಪಕ್ಕದ ಅಂಗಡಿಯವರನ್ನು ಕರೆದು, ಪೊಲೀಸರಿಗೆ ತಿಳಿಸುತ್ತೇನೆಂದು ಗದರಿಸಿ ಅವನನ್ನು ಕಳಿಸಿದಳು. ಮತ್ತೆ ಬರುತ್ತೇನೆಂದು ಹೇಳಿಯೇ ಅವನು ಹೋದ.

ಅಂದೇ ಸುಚಿತ್ರಾ ಅಂಗನವಾಡಿಯಿಂದ ಮಗಳನ್ನು ಕರೆತಂದು ಬಟ್ಟೆಬರೆ ಗಂಟು ಕಟ್ಟಿದಳು. ಸಂಧ್ಯಾರಾಣಿ ಅತ್ತಳು, ತನ್ನ ಮನೆಯಲ್ಲೇ ಇರೆಂದು ಬೇಡಿಕೊಂಡಳು.

"ನೀವು ಕೆಟ್ಟದ್ದು ಬಯಸಿ ಮಾಡ್ಲಿಲ್ಲ ಬಿಡ್ರಿ," ಎಂದಳು ಸುಚಿತ್ರಾ. "ಆದ್ರೆ ನಾನು ಹೇಳಿದ್ದೆನಲ್ಲಕ್ಕಾ."

ಎಲ್ಲಿಗೆ ಹೋಗುತ್ತೇನೆಂದು ಹೇಳಲಿಲ್ಲ.

ಸಂಧ್ಯಾರಾಣಿ ಫೋಟೋ ತೆಗೆದುಹಾಕಿದಳು. ಗುಂಪಿಗೆ ಹಾಕಿದವನಿಗೂ ಸುನಿತಾಳಿಂದ ಹೇಳಿಸಿದಳು, ಅವನೂ ಅಳಿಸಿದನಂತೆ. ಅಷ್ಟರಲ್ಲಿ ಅದು ಯಾರ್ಯಾರ ಫೋನಿನಲ್ಲಿ ಉಳಿದಿತ್ತೋ. ಈಗ ಅವಳು ಫೋಟೋ ಹಾಕುವ ಮುನ್ನ ಅದರಲ್ಲಿರುವ ಪ್ರತಿಯೊಬ್ಬರನ್ನೂ ಕೇಳುತ್ತಾಳೆ. ಒಮ್ಮೊಮ್ಮೆ ಫೇಸ್‌ಬುಕ್ಕಿನಲ್ಲಿ ಸುಚಿತ್ರಾಳ ಹೆಸರು ಹುಡುಕೋಣವೆನಿಸಿ, ಬೇಡವೆಂದು ಫೋನ್ ಕೆಳಗಿಡುತ್ತಾಳೆ.

ಮೊನ್ನೆ ಹುಬ್ಬು ತಿದ್ದಿಸಿಕೊಳ್ಳಲು ಬಂದ ಹಳೆಯ ಗಿರಾಕಿ, ಹೊನ್ನಾಳಿಯ ನಿರ್ಮಲಮ್ಮ, ಸುಚಿತ್ರಾಳನ್ನು ಕಂಡೆನೆಂದು ಮಾತು ತೆಗೆದರು. ಸಂಧ್ಯಾರಾಣಿ ತಡೆದಳು.

"ಎಲ್ಲಿ ಅಂತ ಹೇಳಬ್ಯಾಡ್ರಿ. ಹೆಂಗಿದಾಳೆ, ಅಷ್ಟು ಹೇಳ್ರಿ."

"ಸೊರಗಿದಾಳೆ. ಮಾತಾಡ್ಸಾಕೆ ಹೋದ್ರೆ, ನಾನು ಅವಳಲ್ಲ ಅಂದ್ಲು."

ಬೇರೆ ಯಾರಿಗೂ ಇದನ್ನು ಹೇಳಬೇಡಿರೆಂದು ಕೇಳಿಕೊಂಡು, ಸಂಧ್ಯಾರಾಣಿ ಹುಬ್ಬು ತಿದ್ದುವ ದಾರ ಕೈಗೆತ್ತಿಕೊಂಡಳು.